ಚಿಕ್ಕತಾಯಮ್ಮನ ಸರದಿ

ಪೆರಂಬೂರಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು ನಾನು, ವೆಂಕಟಲಕ್ಷ್ಮಿ. ಕೊನೇ ಗಳಿಗೆಯಲ್ಲಿ ಏರ್ಪಾಟು ಬದಲಾಯಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಬೆಳಿಗ್ಗೆ ಕರ್ನಾಟಕದ ರೈಲಿಳಿದು ನಮ್ಮ ಮನೆಗೆ ಬಂದ ಮೂವರು ಹೆಂಗಸರು ಮಾಡಿದ್ದು ಅದನ್ನೇ.

ಅವರು ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯ ಮಹಿಳಾ ಸಂಘದವರು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಊರಾಚೆ ಒಂದು ಕೂಸಿನ ಮನೆ ಕಟ್ಟಿಕೊಂಡಿದ್ದಾರೆ. ಸಂಬಳವಿಲ್ಲ, ಸಾರಿಗೆಯಿಲ್ಲ, ಸರದಿಯ ಮೇಲೆ ಇಬ್ಬಿಬ್ಬರು ತಮ್ಮ ಕೆಲಸ ಬಿಟ್ಟು ಮಕ್ಕಳ ಜೊತೆ ಕೂರುತ್ತಾರೆ. ಪಕ್ಕದ ಗುಡ್ಡಕ್ಕೆ ಒಂದು ಕಲ್ಲಿನ ಕಂಪನಿ ಬಂದು ಸಿಡಿಮದ್ದು ಇಡತೊಡಗಿತು. ಒಂದು ದಿನ ಮುಷ್ಟಿಗಾತ್ರದ ಕಲ್ಲು ಹೆಂಚು ಒಡೆದುಕೊಂಡು ತೊಟ್ಟಿಲೊಳಗೆ ಬಿತ್ತು. ಅದರಲ್ಲಿ ಮಲಗಿದ್ದ ಕೂಸು ತೇಜುವನ್ನು ಹಾಲು ಕುಡಿಸಲು ಆಗಷ್ಟೇ ಎತ್ತಿಕೊಂಡಿದ್ದರಂತೆ. ಸಂಘ ದೂರು ಕೊಟ್ಟಿತು. ಕಂಪನಿ ಕೊಟ್ಟ ಉತ್ತರ ಕೇಳಿ: ಕಾನೂನು ದೂರ ಬಿಡಬೇಕೆನ್ನುವುದು ಜನ ವಾಸವಿರುವ ಮನೆಗಳಿಂದ, ಅಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ಆದ್ದರಿಂದ ಅದು ಮನೆಯೇ ಅಲ್ಲ. ಇದನ್ನು ಬರೆದ ವಕೀಲನ ಕಿವಿ ಹಿಂಡಬೇಕು ಅನ್ನಿಸಿತ್ತು ನನಗೆ.

ಪರಿಸರದ ಮೊಕದ್ದಮೆ ಕೇಳುವ ಪೀಠ ಇರುವುದು ನಮ್ಮ ಚೆನ್ನೈಯಲ್ಲಿ. ಸಂಘದ ಪರವಾಗಿ ವಕೀಲೆಯಾಗಿ ನಿಂತವಳು ನನ್ನ ತಮ್ಮನ ಮಗಳು ವಿಭಾ. ನಮ್ಮದು ತಾತನ ಕಾಲದಿಂದ ಮದರಾಸಿನ ಮನೆತನ, ನನ್ನ ಕನ್ನಡದಲ್ಲೇ ಅರ್ಧ ತಮಿಳು. ವಿಭಾಳಿಗಂತೂ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಅದಕ್ಕೇ ಕೋರ್ಟಿನಲ್ಲಿ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಲು ನನ್ನನ್ನು ಹಿಡಿದಿದ್ದಳು. ಸಂಘದ ಅಧ್ಯಕ್ಷೆಯನ್ನು ಖುದ್ದಾಗಿ ಕೇಳುತ್ತೇವೆ ಎಂದು ಪೀಠ ಹೇಳಿತ್ತು. ಅಧ್ಯಕ್ಷೆ ಸುಗುಣಾ ಪಿಯುಸಿ ಓದಿದವಳು, ಮಾತು ಅರಳು ಹುರಿದ ಹಾಗೆ. ವಿಭಾ ಅವಳನ್ನು ಫೋನಿನಲ್ಲೇ ಚೆನ್ನಾಗಿ ತಯಾರು ಮಾಡಿದ್ದಳು.

ಆ ಸುಗುಣಾ ಚಪ್ಪಲಿ ಬಿಡುತ್ತಲೇ ಅಂದಳು, "ಅಕ್ಕಾ, ಈಗ ನಾನು ಅಧ್ಯಕ್ಷೆ ಅಲ್ಲ. ಮೊನ್ನೆ ಅಮಾಸೆ ಕಳೀತಲ್ಲ, ಚಿಕ್ಕತಾಯಮ್ಮನ ಸರದಿ ಬಂತು."

ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ತೇಜು ಅವಳ ಮೊಮ್ಮಗಳು. ಕೈಚೀಲವನ್ನು ಎದೆಗೆ ಒತ್ತಿಕೊಂಡು, "ಅಕ್ಕಾ, ಕಾ... ಕಾ..." ಎಂದಳು.

"ಕಾಫಿಯಾ? ಇದೋ, ಡಿಕಾಕ್ಷನ್ ರೆಡಿಯಾಗಿದೆ" ಎಂದೆ ನಾನು.

"...ಕಾಲು ತೊಳ್ಯಕ್ಕೆ ನೀರು" ಎಂದು ಮುಗಿಸಿದಳು.

ಮೂರನೆಯವಳು ಲೀಲಮ್ಮ, ಕಡ್ಡಿ ಹಾಗಿದ್ದರೂ ಕಣ್ಣು ಕೆಂಡ. ನನ್ನನ್ನು ದುರುಗುಟ್ಟಿ ನೋಡಿದಳು. "ಅವಳ ಮಾತ ಅವಳು ಆಡ್ತಾಳೆ ಕನಕ್ಕ. ನೀವು ಮಧ್ಯ ಬಾಯಿ ಹಾಕ್ಬ್ಯಾಡಿ."

ನನ್ನ ಮನೆಯಲ್ಲಿ ನನಗೇ ಬೈಗುಳ! ವಿಭಾ ಬಂದು ವಿಷಯ ಕೇಳಿದವಳೇ ತಲೆ ಮೇಲೆ ಕೈ ಹೊತ್ತುಕೊಂಡಳು. "ಅತ್ತೈ, ಎನ್ನ ಇದು? ಉಗ್ಗುವವರನ್ನು ನಿಲ್ಲಿಸಿದರೆ ಆ ಕಡೆಯ ಲಾಯರ್ ಬಿಡ್ತಾನಾ?" ಎಂದು ತಮಿಳಿನಲ್ಲಿ ಗೋಳಾಡಿದಳು. ನನಗೂ ಹಾಗೇ ಅನ್ನಿಸಿತು. ಇವತ್ತೊಂದು ದಿನಕ್ಕೆ ಸುಗುಣಾಳೇ ಅಧ್ಯಕ್ಷೆ ಅಂದುಕೊಳ್ಳಿ, ಯಾರಿಗೆ ಗೊತ್ತಾಗುತ್ತದೆ ಎಂದೆ.

"ನಮಗೆ ಗೊತ್ತಾಯ್ತದಲ್ಲ" ಎಂದಳು ಲೀಲಮ್ಮ.

ಸಂಘದ ಮೊದಲ ವರ್ಷ ಪಟೇಲರ ಮನೆಯ ಸೊಸೆ ಅಧ್ಯಕ್ಷೆಯ ಕುರ್ಚಿ ಹಿಡಿದವಳು ಬಿಡಲೇ ಇಲ್ಲವಂತೆ. ಉಳಿದವರು ಕುರ್ಚಿಯನ್ನೇ ಎತ್ತಿ ಆಚೆ ಹಾಕಿ, ಚಾಪೆ ಹಾಸಿ, ಅಮಾವಾಸ್ಯೆಗೊಬ್ಬರು ಅಧ್ಯಕ್ಷೆ ಎಂದು ಗೊತ್ತು ಮಾಡಿದರು. ಮೇಲಿನ ಕೇರಿ, ಕೆಳಗಿನ ಕೇರಿ, ಓದಿದವಳು, ಓದದವಳು, ಎಲ್ಲರಿಗೂ ಸರದಿ. ಸರದಿಯವಳು ಮಾತಾಡುವಾಗ ಯಾರೂ ಅವಳ ಮಾತನ್ನು ಮುಗಿಸಿಕೊಡಬಾರದು. "ಇವತ್ತು ಉಗ್ಗು ಅಂತ ಇವಳನ್ನ ಬುಟ್ರೆ, ನಾಳೆ ಕೆಳಗಿನ ಕೇರಿಯೋಳು ಅಂತ ನನ್ನ ಬುಡ್ತೀರ" ಎಂದಳು ಲೀಲಮ್ಮ. ನಾನು ಎದ್ದು ಇಡ್ಲಿ ಬಡಿಸಿದೆ.

ವಿಭಾ ಯುದ್ಧಕಾಲೇ ಶಸ್ತ್ರಾಭ್ಯಾಸಕ್ಕೆ ಕೂತಳು. ಕಂಪನಿಯ ಉತ್ತರ ಬಂದ ಮೇಲೆ ಸಂಘದ ಹೆಂಗಸರು ರೋಸಿಹೋಗಿ, ರಾತ್ರಿಯೂ ಸರದಿಯ ಮೇಲೆ ಕೂಸಿನ ಮನೆಯಲ್ಲೇ ಒಲೆ ಹಚ್ಚಿ ಮಲಗುತ್ತಿದ್ದರು. ವಿಭಾಳಿಗೆ ಅಷ್ಟು ಸಾಕಾಗಿತ್ತು. "ಅಲ್ಲಿ ಜನ ವಾಸ ಇದ್ದಾರಾ ಅಂತ ಕೇಳ್ತಾರೆ. ಹೌದು ಅಂತ ಒಂದೇ ಮಾತು ಹೇಳಿ ಕೂತುಬಿಡಿ. ಕೂಸಿನ ಮನೆ ಉಳಿಯುತ್ತೆ" ಎಂದು ನನ್ನ ಬಾಯಲ್ಲಿ ಹೇಳಿಸಿದಳು. ಚಿಕ್ಕತಾಯಮ್ಮ ತಲೆಯಾಡಿಸಿದಳು. ಒಪ್ಪಿದಳು ಎಂದುಕೊಂಡೆವು.

ಕೋರ್ಟಿನ ಗೇಟಿನಲ್ಲಿ ಕಾವಲುಗಾರ ಅವಳ ಚೀಲಕ್ಕೆ ಕೈ ಹಾಕಿ ಒಂದು ಕಲ್ಲು ತೆಗೆದ. ತೊಟ್ಟಿಲಿಗೆ ಬಿದ್ದಿದ್ದ ಅದೇ ಕಲ್ಲು. "ಕಲ್ಲೆಲ್ಲಾಂ ಉಳ್ಳೆ ಕೂಡಾದಮ್ಮಾ" ಎಂದ. ಕಲ್ಲು ಒಳಗೆ ಬಿಡುವುದಿಲ್ಲವಂತೆ ಎಂದು ನಾನು ಹೇಳಿದೆ.

ಚಿಕ್ಕತಾಯಮ್ಮ ಅವನ ಮುಖ ನೋಡಿದಳು. "ನ... ನಮ್ಮ ಕೂಸಿನ ತೊಟ್ಟಿಲಿಗೆ ಬಿಡಬೌದು, ಇಲ್ಲಿಗೆ ಬಿಡಬಾರ್ದಾ?"

ತಮಿಳಿನಲ್ಲಿ ಹೇಳಿದಾಗ ಅವನು ಪೆಚ್ಚಾದ. ಆದರೂ ಕಲ್ಲನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡ.

ಒಳಗೆ ಪೀಠದ ಮೇಲೆ ಇಬ್ಬರು. ಕಂಪನಿಯ ವಕೀಲ ದಪ್ಪ ಉಂಗುರದ ಮನುಷ್ಯ. ಎದ್ದವನೇ, ಹೋದ ಸಲದ ಕಾಗದದಲ್ಲಿ ಒಬ್ಬರು ಅಧ್ಯಕ್ಷೆ, ಈ ಸಲ ಇನ್ನೊಬ್ಬರು, ಇದೇನು ಸಂಘವೋ ಸಂತೆಯೋ ಎಂದು ನಕ್ಕ. ವಿಭಾ ಸಂಘದ ನಿಯಮವನ್ನು ಓದಿ ಹೇಳಿದಳು. ಪೀಠದ ಹಿರಿಯರು ಕನ್ನಡಕ ಸರಿಮಾಡಿಕೊಂಡು, ಆಗಲಿ, ಈಗಿನವರೇ ಹೇಳಲಿ ಎಂದರು. ಚಿಕ್ಕತಾಯಮ್ಮ ನಿಂತಳು, ಪಕ್ಕದಲ್ಲಿ ನಾನು.

"ಆ ಕಟ್ಟಡದಲ್ಲಿ ಜನ ವಾಸವಿದ್ದಾರೆಯೇ?"

ನಾನು ಕನ್ನಡದಲ್ಲಿ ಕೇಳಿದೆ. ವಿಭಾ ಪೆನ್ನು ಬಿಗಿಹಿಡಿದು ಕೂತಿದ್ದಳು.

"ಇಲ್ಲ" ಎಂದಳು ಚಿಕ್ಕತಾಯಮ್ಮ. ಒಂದಿಷ್ಟೂ ಉಗ್ಗದೆ.

ಇಲ್ಲ ಎನ್ನುವುದನ್ನು ಹೌದು ಮಾಡುವ ಶಕ್ತಿ ಆ ಗಳಿಗೆಯಲ್ಲಿ ನನ್ನ ನಾಲಿಗೆಯಲ್ಲಿತ್ತು. ಹಿಂದೆ ಲೀಲಮ್ಮನ ಕಣ್ಣು ನನ್ನ ಬೆನ್ನು ಸುಡುತ್ತಿತ್ತು. ಇಲ್ಲವೆಂದೇ ಇಂಗ್ಲಿಷಿನಲ್ಲಿ ಹೇಳಿದೆ. ವಕೀಲನ ಮುಖ ಹಬ್ಬವಾಯಿತು. ವಿಭಾ ಕಣ್ಣು ಮುಚ್ಚಿದಳು.

"ಮಲಗ್ತೀವಿ, ನಿಮ್ಮ ಕಾನೂನಿಗೆ ಅಂಜಿ ಮಲಗ್ತೀವಿ. ಅದು ವಾಸ ಅಲ್ಲ" ಎಂದಳು ಚಿಕ್ಕತಾಯಮ್ಮ. "ಅಲ್ಲಿರಾದು ಮ... ಮ..."

ಮಾತು ಸಿಕ್ಕಿಕೊಂಡಿತು. ಅವಳ ಕೊರಳ ನರ ಉಬ್ಬಿತು. ಕಂಪನಿಯ ವಕೀಲ ಗಡಿಯಾರ ನೋಡಿ, ಸಾಕ್ಷಿಯ ಬಳಿ ಹೇಳಲು ಇನ್ನೇನೂ ಇಲ್ಲ, ವಾಸವಿಲ್ಲ ಎಂದು ದಾಖಲಿಸಿಕೊಳ್ಳಬೇಕು ಎಂದ. ಮ ಅಂದರೆ ಏನೆಂದು ನನಗೆ ಗೊತ್ತಿತ್ತು, ಹಿಂದೆ ಕೂತ ಇಬ್ಬರಿಗೂ ಗೊತ್ತಿತ್ತು. ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅದು ನನ್ನ ಮಾತಲ್ಲ. ನನಗೆ ಕೋಪ ನೆತ್ತಿಗೇರಿತು. "ಅವರು ಇನ್ನೂ ಮುಗಿಸಿಲ್ಲ. ದಯವಿಟ್ಟು ಕಾಯಿರಿ" ಎಂದೆ ಇಂಗ್ಲಿಷಿನಲ್ಲಿ, ನಿವೃತ್ತ ಗುಮಾಸ್ತೆಗೆ ಇರಬಾರದಷ್ಟು ಜೋರಾಗಿ.

ಹಿರಿಯರು ವಕೀಲನಿಗೆ ಕೂರುವಂತೆ ಕೈ ತೋರಿಸಿದರು. ಎಲ್ಲರೂ ಕಾದರು. ಸುಗುಣಾ, ಲೀಲಮ್ಮ ಇಬ್ಬರೂ ತಮ್ಮ ಊರಿನ ಚಾಪೆಯ ಮೇಲೆ ಕೂತ ಹಾಗೇ ಆರಾಮಾಗಿ ಕೂತಿದ್ದರು.

"ಮಕ್ಕಳು" ಎಂದಳು ಚಿಕ್ಕತಾಯಮ್ಮ. "ಹಗಲೊತ್ತು ಇರ್ತವೆ. ಕಲ್ಲು ಬೀಳಾದೂ ಹಗಲೊತ್ತೇ ಸ್ವಾಮಿ. ಹಗಲಲ್ಲಿರಾ ಜೀವ ಜೀವ ಅಲ್ವಾ? ನಾನು ಹೌದು ಅಂದ್ರೆ ನಮ್ಮ ಕೂಸಿನ ಮನೆ ಒಂದು ಉಳೀತದೆ. ಪಕ್ಕದೂರಲ್ಲೂ ಒಂದದೆ. ಅಲ್ಲಿ ರಾ... ರಾತ್ರಿ ಮಲಗಕ್ಕೆ ಹೆಂಗಸ್ರಿಲ್ಲ. ಅವರ ಮಕ್ಕಳ ತಲೆ ಏನು ಕಬ್ಬಿಣದ್ದಾ? ನಾವು ಮಲಗಾದು ಬ್ಯಾಡ, ನೀವು ಕಾನೂನ ತಿದ್ಸಿ."

ಒಂದಕ್ಷರ ಬಿಡದೆ ತಿರುಗಿಸಿ ಹೇಳಿದೆ.

ಪೀಠದವರಿಬ್ಬರೂ ತಲೆ ತಗ್ಗಿಸಿ ಮಾತಾಡಿಕೊಂಡರು. ಮಕ್ಕಳು ಹಗಲು ಕಳೆಯುವ ಜಾಗಗಳನ್ನು ನಿಯಮದಲ್ಲಿ ಏಕೆ ಸೇರಿಸಿಲ್ಲವೆಂದು ಸರಕಾರ ಉತ್ತರ ಕೊಡಬೇಕು. ಅಲ್ಲಿಯವರೆಗೆ ಎರಡೂ ಊರಿನ ಹತ್ತಿರ ಸಿಡಿಮದ್ದು ನಿಲ್ಲಬೇಕು ಎಂದರು. ಗೆದ್ದೆವು ಅನ್ನುವ ಹಾಗಿರಲಿಲ್ಲ, ಮುಂದಿನ ತಾರೀಕು ಬಿತ್ತು. ಆದರೂ ವಕೀಲ ಫೈಲು ಕಟ್ಟಿದ ರಭಸ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಗೇಟಿನಲ್ಲಿ ಕಾವಲುಗಾರ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಚಿಕ್ಕತಾಯಮ್ಮ ಅದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ವಿಭಾ ಮೊಬೈಲಿನಲ್ಲಿ ತಾರೀಕು ನೋಡುತ್ತಿದ್ದಳು. "ಅದರೊಳಗೆ ಇನ್ನೊಂದು ಅಮಾವಾಸ್ಯೆ ಬರುತ್ತಲ್ಲ" ಎಂದು ನನಗೆ ತಮಿಳಿನಲ್ಲಿ ಅಂದಳು. ಆಮೇಲೆ ತಡವರಿಸುತ್ತಾ, ಒಂದೊಂದೇ ಪದ ಹುಡುಕುತ್ತಾ, ಅವರನ್ನು ಕನ್ನಡದಲ್ಲಿ ಕೇಳಿದಳು, "ಮುಂದಿನ... ಸರದಿ... ಯಾರದು?" ಯಾರೂ ಅವಳ ಮಾತನ್ನು ಮುಗಿಸಿಕೊಡಲಿಲ್ಲ.

ಲೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂದು. ಆ ಉಂಗುರದ ಲಾಯರಿಗೆ ಈಗ್ಲೇ ಹೇಳ್ಬುಡು ಮಗ, ನಮ್ಮ ಪೈಕಿ ಮೆತ್ತಗಿರೋಳು ಚಿಕ್ಕತಾಯಮ್ಮನೇ ಅಂತ."