ತೊಳೆಯದ ಬಕೆಟ್

ಆ ಮನೆಯಲ್ಲಿ ಅಂದು ಬೆಳಿಗ್ಗೆ ಎದ್ದದ್ದು ಸಾಮಾನ್ಯ ಪ್ರಶ್ನೆಯಲ್ಲ. ವಂಶದ ಮಾನ, ಮುಂದಿನ ಪೀಳಿಗೆಯ ಮರ್ಯಾದೆ ಎರಡೂ ಅದರ ಮೇಲೆಯೇ ನಿಂತಿದ್ದವು: ಆಂಬುಲೆನ್ಸ್ ಬರುವ ಮುಂಚೆ ನೀಲಿ ಬಕೆಟ್ ತೊಳೆಯಬೇಕೋ, ಬೇಡವೋ?

ಬೇಕು ಎಂದವರು ಅತ್ತೆ, ಅತ್ತೆಯ ಅಕ್ಕ ಮತ್ತು ಗಂಡ. ಬೇಡ ಎಂದವಳು ಸೊಸೆಯೊಬ್ಬಳೇ. ಆದರೆ ಮಾವ ವಾಂತಿ ಮಾಡಿದ್ದ ಆ ಬಕೆಟ್ ಇದ್ದದ್ದು ಅವಳ ಕೈಯಲ್ಲಿ. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ವಾಂತಿ ಭೇದಿಯಿಂದ ಹಿಂಡಿಹೋಗಿದ್ದ ಮಾವ ಹಾಲ್‌ನ ಸೋಫಾದ ಮೇಲೆ ಬೆವರುತ್ತ ಬಿದ್ದಿದ್ದರು.

"ಏ, ಕೊಡೇ ಇತ್ಲಾಗೆ," ಎಂದ ಗಂಡ.

"ಕೊಡಲ್ಲ. ಚೆಲ್ಲಬೇಡಿ, ನಾವು ನೋಡ್ಬೇಕು ಅಂತ ಆಂಬುಲೆನ್ಸಿನವರು ಫೋನಲ್ಲಿ ಹೇಳಿದ್ದಾರೆ."

"ಬಂದವರು ಏನಂದ್ಕೊಳ್ತಾರೆ?" ಅತ್ತೆಯ ಅಕ್ಕ ಮೂಗು ಮುರಿದರು.

"ಕಾಯಿಲೆ ಅಂದ್ಕೊಳ್ತಾರೆ, ದೊಡ್ಡತ್ತೆ. ಅದಕ್ಕೇ ಅಲ್ವಾ ಕರೆದಿರೋದು?"

ಹಾಲ್‌ಗೆ ಅಷ್ಟರಲ್ಲಿ ಫಿನಾಯಿಲ್ ಹಾಕಿ ಒರೆಸಿಯಾಗಿತ್ತು. ಮಾವನ ಅಂಗಿ ಬದಲಾಗಿತ್ತು, ತಲೆ ಕೂಡ ಬಾಚಿಯಾಗಿತ್ತು. ಹೆಣ್ಣು ನೋಡಲು ಹೊರಟವರಂತೆ ಕಾಣುತ್ತಿದ್ದರು, ಮುಖದ ಬಣ್ಣವೊಂದು ಬಿಟ್ಟು. ಅದು ಗೋಡೆಯ ಸುಣ್ಣದ ಬಣ್ಣ.

ಆಂಬುಲೆನ್ಸಿನ ನರ್ಸ್ ಒಳಗೆ ಬಂದವಳೇ ನಾಡಿ ಹಿಡಿದಳು. ಹಿಡಿದ ಕೈ ಬಿಡದೆ ಕೇಳಿದಳು: "ವಾಂತಿ ಯಾವ ಬಣ್ಣ ಇತ್ತು?"

"ಏನಿಲ್ಲ ಸಿಸ್ಟರ್, ಬರೀ ನೀರು," ಎಂದ ಗಂಡ. "ನಿನ್ನೆ ಹೋಟೆಲ್ ಊಟ. ಒಂದು ಮಾತ್ರೆ ಕೊಟ್ಬಿಡಿ."

ಸೊಸೆ ಯಾರ ಕಣ್ಸನ್ನೆಗೂ ಸೊಪ್ಪು ಹಾಕದೆ ಬಂದು, ಹಾಲ್‌ನ ನಟ್ಟನಡುವೆ ಬಕೆಟ್ ಇಟ್ಟಳು. ಅತ್ತೆಯ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನರ್ಸ್ ಟಾರ್ಚ್ ಹಾಕಿ ಬಗ್ಗಿ ನೋಡಿದಳು. ಒಳಗಿದ್ದದ್ದು ಕಾಫಿಯ ಚರಟದಂತೆ ಕಪ್ಪಗಿತ್ತು.

"ಇದು ಹೋಟೆಲ್ ಊಟ ಅಲ್ಲ, ರಕ್ತ. ಹೊಟ್ಟೆ ಒಳಗೆ ಸೋರ್ತಾ ಇದೆ. ಭೇದಿನೂ ಕಪ್ಪಗಿತ್ತಾ?"

"ಟಾರಿನ ಹಾಗೆ," ಎಂದಳು ಸೊಸೆ.

"ನೋವಿನ ಮಾತ್ರೆ ತಗೊಳ್ತಾರಾ?"

"ಛೇ, ನಮ್ಮ ಯಜಮಾನರಿಗೆ ಅಂಥ ಚಟ ಇಲ್ಲ," ಎಂದರು ಅತ್ತೆ.

ಮಾವ ಒಂದು ಕಣ್ಣು ತೆರೆದರು. "ತಗೊಳ್ತೀನಿ. ಮಂಡಿಗೆ. ದಿನಾ."

ಅತ್ತೆ ಕುಡಿಸಲು ತಂದಿದ್ದ ನೀರನ್ನು ನರ್ಸ್ ವಾಪಸು ಕಳಿಸಿದಳು. "ಬಾಯಿಗೆ ಏನೂ ಬೇಡ." ಮಾವನನ್ನು ಮಗ್ಗುಲಾಗಿ ಮಲಗಿಸಿ, ತೋಳಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದಳು. ರಕ್ತ ಸಿದ್ಧ ಮಾಡಿಡಿ ಎಂದು ದೊಡ್ಡಾಸ್ಪತ್ರೆಗೆ ಫೋನ್ ಮಾಡಿದಳು.

"ಪಕ್ಕದ ಕ್ಲಿನಿಕ್ ಸಾಲದಾ?" ಎಂದ ಗಂಡ.

"ಸಾಲಲ್ಲ," ಎಂದು ಸೊಸೆಯೇ ಹೇಳಿ, ಸ್ಟ್ರೆಚರಿನ ಹಿಂದೆ ಆಂಬುಲೆನ್ಸ್ ಹತ್ತಿದಳು.

ದೊಡ್ಡಾಸ್ಪತ್ರೆಯಲ್ಲಿ ಮಾವನಿಗೆ ರಕ್ತ ಕೊಟ್ಟರು, ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಾಗಿದ್ದ ಹುಣ್ಣಿನ ಸೋರಿಕೆ ನಿಲ್ಲಿಸಿದರು. ಅವರು ಬದುಕಿದರು.