ಭಾನುವಾರದ ಆಫ್ರಿಕಾ ಪಾಠ

ನನಗೆ ಮೊದಲೇ ಸಿಟ್ಟು ಜಾಸ್ತಿ. ಆಫ್ರಿಕಾ ಹಂಚಿಕೆಯ ಪಾಠ ಮಾಡುವಾಗಂತೂ ಕೇಳಲೇಬೇಡಿ. ಯುರೋಪಿನ ದೊಡ್ಡ ದೇಶಗಳವರೆಲ್ಲ ಬರ್ಲಿನ್ನಿನಲ್ಲಿ ನಕಾಶೆ ಹರಡಿಕೊಂಡು ಕೂತರು. ಕಾಂಗೋ ನದಿಯ ಬಗ್ಗೆ, ನೈಜರ್ ನದಿಯ ಬಗ್ಗೆ ತಿಂಗಳುಗಟ್ಟಲೆ ಚೌಕಾಸಿ ಮಾಡಿದರು. ಆ ನದಿಗಳ ನೀರು ಕುಡಿಯುವ ಒಬ್ಬನನ್ನೂ ಒಳಗೆ ಕರೆಯಲಿಲ್ಲ. ಇದನ್ನು ಸಮಾಧಾನದಿಂದ ಹೇಳುವುದು ನನ್ನ ಕೈಲಾಗದು.

ತೆಲುಗು ಸೀಮೆಯ ಬಾಲಾನಗರದಲ್ಲಿದ್ದ ನಮ್ಮ ಕನ್ನಡ ಶಾಲೆಯ ಹತ್ತನೇ ತರಗತಿಯಲ್ಲಿ ಆ ದಿನವೂ ಕೂಗಾಡುತ್ತಿದ್ದೆ. ಎದುರಿಗೆ ಕೂತವರೆಲ್ಲ ರಾಯಚೂರು, ಯಾದಗಿರಿ ಕಡೆಯ ಕೂಲಿಕಾರರ ಮಕ್ಕಳು. ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು, ಎಬ್ಬಿಸುತ್ತಿದ್ದವರು ಇವರ ಅಪ್ಪ-ಅಮ್ಮಂದಿರು.

"ಸಮುದ್ರದ ದಂಡ್ಯಾಗ ಒಂದು ಬಾವುಟ ನೆಟ್ಟು, ಇದು ನಮ್ದು ಅಂತಿದ್ರು," ಎಂದೆ.

ನೀಲಾ ಕೈ ಎತ್ತಿದಳು. "ಟ್ಯಾಂಕರ್ ಲೈನಿನ ಕಲ್ಲು ಇದ್ದಂಗಲ್ರೀ ಟೀಚರ್?"

ಇವರ ಬಸ್ತಿಯಲ್ಲಿ, ಅಂದರೆ ಗುಡಿಸಲುಗಳ ಕೇರಿಯಲ್ಲಿ, ನೀರಿನ ಟ್ಯಾಂಕರಿಗೆ ಸರತಿ ಹಿಡಿಯಲು ಒಬ್ಬೊಬ್ಬರೂ ಒಂದೊಂದು ಕಲ್ಲಿಟ್ಟು ಕೆಲಸಕ್ಕೆ ಹೋಗುತ್ತಾರೆ. ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಆದರೆ ಟ್ಯಾಂಕರ್ ಬಂದಾಗ ಕಲ್ಲಿನ ಹಿಂದೆ ಮನುಷ್ಯ ಇರದಿದ್ದರೆ ಒದ್ದು ಬದಿಗೆ ಸರಿಸುತ್ತಾರೆ, ಅದಕ್ಕೆ ಜಗಳವೂ ಇಲ್ಲ.

"ಭಲೇ!" ಎಂದೆ. "ಅವರೂ ಆಮ್ಯಾಲೆ ಅದೇ ಕಾನೂನು ಮಾಡಿದ್ರು. ಬರೀ ಬಾವುಟ ನಡೆಯಂಗಿಲ್ಲ, ಜಾಗದಾಗ ನಿಮ್ಮ ಮಂದಿ ಇರಬೇಕು ಅಂದ್ರು."

"ಅಲ್ಲಿ ಮೊದಲಿಂದ ಇದ್ದ ಮಂದೀರಿ?" ಅಂದಳು ನೀಲಾ. ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದೆ.

ಅದೇ ವಾರದ ಶುಕ್ರವಾರ ಹೆಡ್‌ಮಾಸ್ಟರ್ ಅಮರೇಶಪ್ಪನವರು ನನ್ನನ್ನು ಕರೆದರು. ಗಟ್ಟಿಯಾಗಿ ಕೆಮ್ಮಲೂ ಹೆದರುವ ಮನುಷ್ಯ. ಹತ್ತನೇ ತರಗತಿ ನಡೆಯುವ ಹಾಲನ್ನು ಕಟ್ಟಡದ ಒಡೆತನ ಇರುವ ಸಂಘದವರು ಬಾಡಿಗೆಗೆ ಕೊಡುತ್ತಾರಂತೆ. ಒಂದು ಸಾಫ್ಟ್‌ವೇರ್ ಕೋಚಿಂಗ್ ಸೆಂಟರ್, ಒಂದು ಇಂಗ್ಲಿಷ್ ಮೀಡಿಯಂ ಶಾಲೆ, ಇಬ್ಬರೂ ನನಗೆ ತನಗೆ ಎಂದು ಕಿತ್ತಾಡುತ್ತಿದ್ದರು. ಕೊನೆಗೆ ನಡುವೆ ಪ್ಲೈವುಡ್ ಹೊಡೆದು ಅರ್ಧರ್ಧ ಕೊಡೋಣ ಎಂದಾಗಿದೆ. ಭಾನುವಾರ ಅಳತೆ, ಸೋಮವಾರ ಸಭೆ.

"ಮಕ್ಕಳು ಎಲ್ಲಿಗೆ ಹೋಗಬೇಕು ಸರ್?"

"ತೆಲುಗು ಮೀಡಿಯಂಗ ಹಾಕ್ರಿ ಅಂತಾರ."

"ಪರೀಕ್ಷಾ ಹತ್ರ ಬಂದಾಗ? ಸಭಾದಾಗ ನೀವೇನಂತೀರಿ?"

"ನಮ್ಮನ್ನ ಕರೆದಿಲ್ರಿ, ವಿಶಾಲಾಕ್ಷಿಯವರ."

ನನ್ನ ಮೈಯೆಲ್ಲ ಉರಿದುಹೋಯಿತು. ಹಾಲ್ ಹೋದರೆ ತರಗತಿ ಹೋದಂತೆ. ತರಗತಿ ಹೋದರೆ ಈ ಹುಡುಗಿಯರೆಲ್ಲ ಮರುದಿನದಿಂದಲೇ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಾರೆ. ಅರ್ಜಿ ಬರೆಯೋಣ ಅನ್ನಿಸಿತು. ಆದರೆ ನೀಲಾಳ ಕಲ್ಲು ನೆನಪಾಯಿತು. ಅರ್ಜಿ ಕೊಟ್ಟು ಮನೆಯಲ್ಲಿ ಕೂತರೆ ಅದನ್ನೂ ಒದ್ದು ಸರಿಸುತ್ತಾರೆ. ಸಂಜೆಯೇ ಬಸ್ತಿಗೆ ಹೋಗಿ ನೀಲಾಳ ತಾಯಿ ಶಂಕ್ರಮ್ಮನಿಗೆ ಎಲ್ಲ ಹೇಳಿ, ಭಾನುವಾರ ತಾಯಂದಿರೆಲ್ಲ ಬಂದು ಹಾಲಿನಲ್ಲಿ ಕೂರಬೇಕು ಎಂದೆ.

"ಭಾನುವಾರ ಸ್ಲ್ಯಾಬ್ ಹಾಕೋದು ಐತ್ರಿ," ಎಂದಳು ಆಕೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮೇಸ್ತ್ರಿ ಬೈದ್ರ ಬೈಲಿ. ಬರ್ತೀವಿ."

ಭಾನುವಾರ ಸಂಘದ ಕಾರ್ಯದರ್ಶಿ ಪ್ರಹ್ಲಾದ ಟೇಪು ಹಿಡಿದು ಬಂದಾಗ ಹಾಲ್ ತುಂಬಿತ್ತು. ಬೆಂಚಿನ ಮೇಲೆ ಮಕ್ಕಳು, ನೆಲದ ಮೇಲೆ ತಾಯಂದಿರು. ನಾನು ಗೋಡೆಗೆ ಆಫ್ರಿಕಾದ ನಕಾಶೆ ತೂಗುಹಾಕಿ ಪಾಠ ನಡೆಸಿದ್ದೆ. ಬಾಡಿಗೆಗೆ ಕೇಳಿದ್ದ ಇಬ್ಬರೂ ಬಾಗಿಲಲ್ಲೇ ನಿಂತು, ಕಿಟಕಿ ಇರುವ ಅರ್ಧ ಯಾರಿಗೆ ಎಂದು ತೆಲುಗಿನಲ್ಲಿ ಜಗಳ ಶುರು ಮಾಡಿದರು.

"ಇವತ್ತು ರಜಾ ಅಲ್ರೀ?" ಎಂದ ಪ್ರಹ್ಲಾದ.

"ಪರೀಕ್ಷಾಕ್ಕ ರಜಾ ಇಲ್ರಿ."

ಆತ ಬಗ್ಗಿ, ಹಾಲಿನ ನಟ್ಟನಡುವೆ ಸುಣ್ಣದ ಗೆರೆ ಎಳೆಯತೊಡಗಿದ. ಗೆರೆ ಶಂಕ್ರಮ್ಮನ ಕಾಲಿನವರೆಗೆ ಬಂತು. "ಆ ಕಡೆ ಸರಿಯಮ್ಮಾ," ಎಂದ. ಆಕೆ ಸರಿಯಲಿಲ್ಲ. ಸಿಮೆಂಟು ತಿಂದು ಬಿರಿದ ಕಾಲು ಗೆರೆಯ ಮೇಲೇ ಇತ್ತು. ಪಕ್ಕದವಳೂ ಏಳಲಿಲ್ಲ, ಅವಳಾಚೆಯವಳೂ ಏಳಲಿಲ್ಲ.

"ಏನಿದ್ರೂ ನಾಳೆ ಸಭಾದಾಗ ಮಾತಾಡ್ತೀವಿ," ಎಂದು ಪ್ರಹ್ಲಾದ ಎದ್ದು ನಿಂತ.

"ನಾವೂ ಬರ್ತೀವಿ," ಎಂದೆ.

"ನಿಮ್ಮನ್ನ ಯಾರು ಕರೆದಾರ?"

"ಕರೀಲಿಲ್ಲ ಅಂತನ ಬರಾಕತ್ತೀವ್ರಿ," ಎಂದಳು ನೀಲಾ.

ಹಿಂದೆ ಯಾರೋ ಕೆಮ್ಮಿದರು. ನೋಡಿದರೆ ಅಮರೇಶಪ್ಪನವರು, ರಜೆಯ ದಿನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದರು.

ಪ್ರಹ್ಲಾದ ಹಾಲಿನ ತುಂಬ ಕಣ್ಣಾಡಿಸಿದ. ಟೇಪು ಸುತ್ತಿದ. ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಹೋಗ್ಲಿ ಟೀಚರ್, ಈ ಮಕ್ಕಳ ಪರೀಕ್ಷಾ ಮುಗಿಯೋತನಕ ಹಾಲ್ ಇಟ್ಕೋರಿ. ಒಪ್ಪಿಗೀನಾ?"

ಒಪ್ಪಿಬಿಡೋಣ ಅನ್ನಿಸಿತು, ನಿಜ. ಅಷ್ಟರಲ್ಲಿ ಶಂಕ್ರಮ್ಮ ಕೂತಲ್ಲಿಂದಲೇ ಹೇಳಿದಳು:

"ನನ್ನ ಸಣ್ಣ ಮಗಳು ಈಗ ಎಂಟನೇ ಕ್ಲಾಸಿನ್ಯಾಗ ಅದಾಳ್ರಿ ಸಾಹೇಬ್ರ."