ಮೂರನೆಯ ಪದ

ಅಣ್ಣ ತೀರಿಕೊಂಡ ದಿನ ಬೆಳಿಗ್ಗೆ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಲೆಂದು ನಾನು ಗೋಡೆಯ ಪ್ಲಗ್ಗೊಂದನ್ನು ಕಿತ್ತೆ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು. ಒಡಹುಟ್ಟಿದವನನ್ನು ಮುದುರಿದ ಅಂಗಿಯಲ್ಲಿ ಕಳಿಸುವುದಾದರೂ ಹೇಗೆ? ಹೊಲಿಗೆ ಮೇಜಿನ ಹತ್ತಿರ ಇದ್ದದ್ದು ಅದೊಂದೇ ಪ್ಲಗ್ಗು. ಅಣ್ಣ ಅದಕ್ಕೆ ಕೆಂಪು ಟೇಪು ಸುತ್ತಿ, ಮುಟ್ಟಬೇಡವೆಂದು ನೂರು ಸಲ ಹೇಳಿದ್ದ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕೆಂಪೂ ಕಾಣಲಿಲ್ಲ, ಹಸಿರೂ ಕಾಣಲಿಲ್ಲ. ತಿರುಗಿ ಸಿಕ್ಕಿಸಬೇಕೆಂಬುದು ನೆನಪಾದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಒಳಗಿನ ಬ್ಯಾಟರಿಯೂ ಬರಿದಾಗಿತ್ತು.

ಆ ತಂತಿ ಹೋಗುತ್ತಿದ್ದದ್ದು ಬಟ್ಟೆ ಕಪಾಟಿನ ಮೇಲಿದ್ದ ಪೆಟ್ಟಿಗೆಗೆ. ಊಟದ ಡಬ್ಬಿಯಷ್ಟು ದೊಡ್ಡದು, ಅಣ್ಣನೇ ಕೂತು ಜೋಡಿಸಿದ ಸರ್ವರ್. ನಮ್ಮ ಮನೆ, ಎದುರಿನ ಬೇಕರಿಯವನ ಮನೆ, ಪಕ್ಕದ ನರ್ಸಮ್ಮನ ಮನೆ, ಈ ಮೂರೂ ಮನೆಗಳ ಪತ್ರ, ಫೋಟೋ, ಫೋನಿನಲ್ಲಿ ಕಳಿಸಿಕೊಂಡ ಮಾತುಗಳು ಯಾವುದೋ ದೂರದ ಕಂಪನಿಯ ಉಗ್ರಾಣ ಸೇರದೆ ಇದರೊಳಗೇ ಇರುತ್ತಿದ್ದವು. ಅಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಮೇಲಿನವರು ಗುರುತು ಹಾಕಿಕೊಟ್ಟ ನಂಬರುಗಳ ಮಾತನ್ನು ಕದ್ದು ಕೇಳಿ ಬರೆದುಕೊಡುವುದೂ ಆ ಕೆಲಸದಲ್ಲಿ ಸೇರಿತ್ತು.

"ಬರ್ತಾ ಉಪ್ಪು ತಗೊಂಡ್ ಬನ್ನಿ ಅಂತ ಹೆಂಡತಿ ಗಂಡನಿಗೆ ಹೇಳಿದ್ದನ್ನೂ ಬರ್ಕೊಟ್ಟಿದೀನಿ ಕಣೇ," ಎನ್ನುತ್ತಿದ್ದ. "ಆ ಪಾಪ ಎಲ್ಲಿ ತೊಳ್ಕೊಳ್ಲಿ?"

ನಿವೃತ್ತನಾದ ಮೇಲೆ ಈ ಪೆಟ್ಟಿಗೆಯಲ್ಲಿ ತೊಳೆದುಕೊಂಡ. ಫೋನಿನಲ್ಲಿ ಏನನ್ನೂ ಉಳಿಸಿಕೊಳ್ಳಬೇಡಿ, ಫೋನು ಅಂದರೆ ಬೀದಿ ಜಗಲಿ, ಪೆಟ್ಟಿಗೆ ಅಂದರೆ ಒಳಕೋಣೆ ಎಂದು ನಮಗೆಲ್ಲ ಪಾಠ ಹೇಳಿದ. ನಾವೂ ವಿಧೇಯ ಮಕ್ಕಳಂತೆ ಕೇಳಿದೆವು.

ಬೀಗ ಹಾಕುವುದರಲ್ಲಿಯೂ ಅವನದೊಂದು ಕ್ರಮವಿತ್ತು. ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಂಡರೆ ಮೂರು ಪದ ಕೇಳುತ್ತದೆ, ಮನೆಗೊಂದು. ಒಂದು ಮನೆಯ ಪದ ಇನ್ನೊಂದು ಮನೆಗೆ ಗೊತ್ತಿರಕೂಡದು. ನಮ್ಮ ಮನೆಯ ಪದವನ್ನೂ ನನಗೇ ವಹಿಸಿದ. "ಪೂರ್ತಿ ಬೀಗದ ಕೈ ಯಾರ ಹತ್ರಾನೂ ಇರಬಾರ್ದು. ನನ್ನ ಹತ್ರ ಅಂತೂ ಬೇಡವೇ ಬೇಡ. ಕೇಳಿ ಅಭ್ಯಾಸ ಆದ ಕಿವಿ ಇದು." ಪದ ಹಾಕುವ ದಿನ ಒಬ್ಬರು ಕೀಲಿಮಣೆಯ ಮುಂದೆ ಕೂತರೆ ಮಿಕ್ಕವರು ಶಾಲೆಯಲ್ಲಿ ಶಿಕ್ಷೆ ಕೊಟ್ಟಂತೆ ಗೋಡೆಗೆ ಮುಖ ಮಾಡಿ ನಿಂತೆವು. ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ. ನರ್ಸಮ್ಮನಿಗೆ ಅಂದು ಹಗಲು ಡ್ಯೂಟಿ. ಅವಳ ಬದಲು ಮಗಳು ಬಂದಿದ್ದಳು. ಟಕಟಕ ಒತ್ತಿ, "ನನ್ನ ಪದ ಏನಾದ್ರೂ ಗೊತ್ತಾದ್ರೆ ನೀವೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತೀರ," ಎಂದು ಎದ್ದಳು.

ಅದಾಗಿ ಎರಡು ವರ್ಷಕ್ಕೆ, ಮೂರೇ ದಿನದ ಜ್ವರದಲ್ಲಿ, ಆ ಹುಡುಗಿ ಹೋಗಿಬಿಟ್ಟಳು. ಹತ್ತೊಂಬತ್ತು ತುಂಬಿರಲಿಲ್ಲ. ತಾಯಿಗೆ ಉಳಿದದ್ದು ಹುಡುಗಿ ಎಂದೋ ಫೋನಿನಲ್ಲಿ ಹೇಳಿ ಕಳಿಸಿದ್ದ ನಾಲ್ಕು ಮಾತು. ಅದೂ ನಮ್ಮ ಪೆಟ್ಟಿಗೆಯಲ್ಲೇ ಇತ್ತು. ನರ್ಸಮ್ಮ ದಿನವೂ ಡ್ಯೂಟಿಗೆ ಹೊರಡುವ ಮುಂಚೆ ಅದನ್ನೊಮ್ಮೆ ಕೇಳುತ್ತಿದ್ದಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮಿಷನ್ ತುಳಿಯುತ್ತಿದ್ದವಳು ನಾನು ಆ ಹೊತ್ತಿಗೆ ಕಾಲು ನಿಲ್ಲಿಸುತ್ತಿದ್ದೆ.

ಮೂರನೆಯ ಪದ ಹುಡುಗಿಯ ಜೊತೆಗೇ ಹೋಯಿತೆಂದು ಅಣ್ಣನಿಗೆ ಹೊಳೆದಿತ್ತು. ಒಂದು ಬೆಳಿಗ್ಗೆ ನರ್ಸಮ್ಮನ ಬಾಗಿಲಿನವರೆಗೂ ಹೋದವನು ಹಾಗೇ ಮರಳಿ ಬಂದ. "ಫೋನ್ ಕಿವಿಗಿಟ್ಕೊಂಡು ಕೂತಿದ್ಲು. ಹೊಸ ಪದ ಕೊಡು ಅಂತ ಹೆಂಗ್ ಕೇಳ್ಲಿ? ನಾಳೆ ನೋಡೋಣ," ಎಂದ. ಯಾವ ಪದ, ಏನು ಎಂದು ನಾನೂ ಬಿಡಿಸಿ ಕೇಳಲಿಲ್ಲ. ಅವನ ನಾಳೆ ಬರಲೇ ಇಲ್ಲ.

ಅಣ್ಣನನ್ನು ಕಳಿಸಿಕೊಟ್ಟ ಮೂರನೆಯ ದಿನ ನರ್ಸಮ್ಮ ಫೋನು ಹಿಡಿದು ಬಂದಳು.

"ಅಕ್ಕ, ಯಾಕೋ ಅವಳು ಮಾತಾಡ್ತಿಲ್ಲ."

ಬೇಕರಿಯವನನ್ನು ಕರೆಸಿದೆವು. ನಾನು ನನ್ನ ಪದ ಒತ್ತಿದೆ, ಅವನು ಅವನದು ಒತ್ತಿದ. ಪೆಟ್ಟಿಗೆ ಮೂರನೆಯದಕ್ಕೆ ಕಾದು ಕೂತಿತು. ನರ್ಸಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಗೋಡೆಗೆ ಮುಖ ಮಾಡಿ ನಿಂತ ದಿನ ಅವಳು ಅಲ್ಲಿರಲಿಲ್ಲವೆಂದು ನನಗೆ ಆಗ ನೆನಪಾಯಿತು. ಆ ಪದ ಹಾಕಿದ್ದು ಅವಳ ಮಗಳೆಂದು ಅವಳಿಗೆ ಹೇಳಬೇಕಾಗಿ ಬಂದದ್ದು ನನ್ನ ಪಾಲಿಗೆ. ಪ್ಲಗ್ಗು ಕಿತ್ತದ್ದು ನಾನೇ ಎಂಬುದನ್ನೂ ಅದರ ಹಿಂದೆಯೇ ಹೇಳಿಬಿಟ್ಟೆ.

ಅವಳು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ, "ಅಂಗಿ ಚೆನ್ನಾಗಿ ಇಸ್ತ್ರಿಯಾಗಿತ್ತು," ಎಂದಳು. ಬೈಗುಳವೋ ಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಂಪ್ಯೂಟರ್ ರಿಪೇರಿಯವಳನ್ನು ಕರೆತಂದೆವು. ಅರ್ಧ ದಿನ ಕೂತು ಪರೀಕ್ಷೆ ಮಾಡಿದಳು. ಅಣ್ಣ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ತೆಗೆದಿಟ್ಟಿದ್ದ, ಆದರೆ ಅದಕ್ಕೂ ಇದೇ ಬೀಗ. "ಇದನ್ನ ಮಾಡ್ದೋರು ಬಹಳ ಗಟ್ಟಿ ಕೆಲಸಗಾರರು ಕಣಮ್ಮ. ಪದ ಇಲ್ದೆ ಯಾರ ಕೈಲೂ ತೆಗ್ಯೋಕಾಗಲ್ಲ," ಎಂದಳು, ಮೆಚ್ಚುಗೆಯಿಂದಲೇ.

"ನಿಮ್ಮಣ್ಣ ಕಳ್ಳರಿಗೆ ಅಂತ ಬೀಗ ಹಾಕಿದ್ರು," ಎಂದಳು ನರ್ಸಮ್ಮ. "ಕಳ್ಳರು ಬರಲೇ ಇಲ್ಲ. ಮನೆಯವರು ಹೊರಗೆ ನಿಂತ್ವಿ."

ಅಂದಿನಿಂದ ಅವಳು ಡ್ಯೂಟಿಗೆ ಹೊರಡುವ ಮುಂಚೆ ದಿನವೂ ಒಂದೊಂದು ಪದ ತರತೊಡಗಿದಳು. ಬೇಕರಿಯವನು ತನ್ನ ಪದವನ್ನು ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದ: 'ಸೋಮಾರಿ'. "ನಮ್ಮಪ್ಪ ನನ್ನ ಕರೀತಿದ್ದಿದ್ದೇ ಹಾಗೆ. ಮರೆಯೋ ಮಾತಾ ಅದು?" ಎಂದು ನಕ್ಕಿದ್ದ. ಮೊದಲ ಎರಡು ಪದ ನಾನು ಒತ್ತುತ್ತಿದ್ದೆ, ಮೂರನೆಯದು ಅವಳು. ಹುಡುಗಿ ಸಾಕಿದ್ದ ಬೆಕ್ಕಿನ ಹೆಸರು. ಲೆಕ್ಕದ ಮೇಷ್ಟ್ರಿಗಿಟ್ಟ ಅಡ್ಡಹೆಸರು. ಎಳೆಯ ವಯಸ್ಸಿನಲ್ಲಿ 'ಚಮಚ' ಎನ್ನಲು ಬಾರದೆ 'ಮಚಚ' ಎನ್ನುತ್ತಿದ್ದದ್ದು. ಕಳ್ಳರು ಬೇಸತ್ತು ಹೋಗಲೆಂದು ಅಣ್ಣ ಪ್ರತಿ ಉತ್ತರಕ್ಕೂ ಒಂದು ನಿಮಿಷ ಕಾಯಿಸುವ ಹಾಗೆ ಮಾಡಿದ್ದ. ಆ ಒಂದು ನಿಮಿಷದಲ್ಲಿ ಅವಳು ಆ ಪದದ ಕಥೆ ಹೇಳುತ್ತಿದ್ದಳು. ಕಥೆ ಮುಗಿಯುವುದಕ್ಕೂ ಪೆಟ್ಟಿಗೆ ಒಲ್ಲೆ ಎನ್ನುವುದಕ್ಕೂ ಸರಿಹೋಗುತ್ತಿತ್ತು.

ಹೀಗೆ ಐದು ತಿಂಗಳು. ಬೇಕರಿಯವನು ಬೇರೆ ದಾರಿ ನೋಡಿಕೊಂಡು, ಹೊಸ ಪತ್ರ, ಫೋಟೋಗಳನ್ನು ದೂರದ ಕಂಪನಿಯ ಉಗ್ರಾಣಕ್ಕೇ ಕಳಿಸತೊಡಗಿದ. ಅವನ ಮೇಲೆ ನನಗೇನೂ ಬೇಸರವಿಲ್ಲ.

ಮೊನ್ನೆ ಬಂದವಳು ಕೀಲಿಮಣೆಯ ಮುಂದೆ ಕೂರಲಿಲ್ಲ. ಕಟಿಂಗ್ ಮೇಜಿನ ಅಂಚು ಹಿಡಿದು ನಿಂತಳು.

"ಅಕ್ಕ, ದಿನಾ ಗೋಡೆಯಾಚೆಯಿಂದ ಕೇಳಿಸ್ಕೊಳ್ತಿದ್ರಲ್ಲ, ನಂಗೊತ್ತು. ಅವಳು ಹೇಳ್ತಿದ್ದಿದ್ದನ್ನ ಒಂದ್ಸಲ ಹೇಳಿ."

"ನನ್ನ ಒಡಕು ದನೀಲಾ?"

"ಹೇಳಿ ಅಕ್ಕ."

ನಾನು ಕನ್ನಡಕ ತೆಗೆದಿಟ್ಟು ಹೇಳಿದೆ. "ಅಮ್ಮ, ಹಾಲು ಒಲೆ ಮೇಲಿಟ್ಟು ಮರ್ತು ಬಂದ್ಬಿಟ್ಟೆ. ನೋಡು, ನೋಡು, ಉಕ್ಕಿರತ್ತೆ. ಬೈಬೇಡ."

"ಹಾಗಲ್ಲ. ಬೈಬೇಡ ಅನ್ನೋವಾಗ ನಗು ಇತ್ತು."

ಮತ್ತೊಮ್ಮೆ ಹೇಳಿದೆ. ಅರವತ್ತೆಂಟರ ಬಾಯಲ್ಲಿ ಹದಿನೆಂಟರ ನಗು ಎಲ್ಲಿಂದ ಬರಬೇಕು?

"ಹಾಗೂ ಅಲ್ಲ," ಎಂದು ತಾನೇ ಹೇಳಲು ಹೋಗಿ ನಡುವೆ ನಿಲ್ಲಿಸಿದಳು. "ನೋಡು ಅಂತ ಎರಡ್ಸಲ ಅಂತಿದ್ಲಾ? ಒಂದೇ ಸಲ ಅಲ್ವಾ?"

"ಎರಡು ಸಲ ಅನ್ಸುತ್ತೆ."

"ಇಲ್ಲ ಅಕ್ಕ, ಒಂದೇ ಸಲ." ಮೇಜಿನ ಅಂಚಿನಿಂದ ಕೈ ತೆಗೆದು, "ಒಂದೇ ಸಲ ಇರ್ಬೇಕು," ಎಂದಳು.

ನನಗೂ ಆಮೇಲೆ ಖಾತ್ರಿಯಾಗಿ ಹೇಳಲಾಗಲಿಲ್ಲ. ಇಬ್ಬರೂ ಕಪಾಟಿನ ಮೇಲಕ್ಕೆ ನೋಡಿದೆವು. ಕೇಳಿ ತಿಳಿದುಕೊಳ್ಳಲು ಇದ್ದದ್ದು ಅದೊಂದೇ. ಅವಳು ಗಡಿಯಾರ ನೋಡಿಕೊಂಡಳು, ಇವತ್ತಿನ ಪದ ನಾಳೆ ಹಾಕುತ್ತೇನೆಂದಳು, ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ನಡೆದಳು.